ಮೊಗಿಲಿ ಘಾಟ್ ಇಳಿಯುವ ದಿನ: ಕೋಲಾರದಿಂದ ತಿರುಪತಿಗೆ ನಡೆಯುವವರಿಗೆ ಸಮಗ್ರ ಮಾರ್ಗದರ್ಶಿ

ಧನುರ್ಮಾಸ ಹತ್ತಿರ ಬಂತು ಅಂದರೆ ಸಾಕು, ನಮ್ಮ ಕೋಲಾರದ ಕಡೆ ಬೀದಿಗೊಬ್ಬರಾದರೂ ತಿರುಪತಿಗೆ ನಡೆದು ಹೋಗುವ ಮಾತೆತ್ತುತ್ತಾರೆ. ಮೊದಲ ಸಲ ಹೊರಡುವವರು ಕೇಳುವ ಪ್ರಶ್ನೆ ಒಂದೇ. "ಕೊನೇಲಿ ಅಷ್ಟು ಮೆಟ್ಟಿಲು ಹತ್ತೋಕಾಗುತ್ತಾ?" ಹತ್ತಬಹುದು, ಅದರ ಚಿಂತೆ ಬೇಡ. ಏಳು ಸಲ ನಡೆದ ನನಗೆ ಈಗಲೂ ಭಯ ಇರುವುದು ನಡುವಿನ ಒಂದು ದಿನದ ಬಗ್ಗೆ. ಪಲಮನೇರಿನಿಂದ ಬಂಗಾರುಪಾಳ್ಯಂವರೆಗೆ ಹೋಗುವ ದಿನ. ಅವತ್ತು ಮೊಗಿಲಿ ಘಾಟ್ ಇಳಿಯಬೇಕು. ಅವತ್ತು ಕಾಲು ಉಳಿಸಿಕೊಂಡವರು ತಿರುಮಲ ಮುಟ್ಟುತ್ತಾರೆ. ಕಾಲು ಕೆಡಿಸಿಕೊಂಡವರು ಮಾರನೇ ದಿನ ಚಿತ್ತೂರಿನಲ್ಲಿ ಬಸ್ ಹತ್ತುತ್ತಾರೆ. ಅದಕ್ಕೇ ಈ ಬರಹದಲ್ಲಿ ಆ ಒಂದು ದಿನವನ್ನೇ ಬಿಡಿಸಿ ಹೇಳುತ್ತಿದ್ದೇನೆ.

ದಾರಿ ಹೇಗಿದೆ ಅಂತ ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ಕೋಲಾರ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ತಿರುಮಲ ಸುಮಾರು 850 ಮೀಟರ್. ಅಂದರೆ ಸ್ವಾಮಿ ಹೆಚ್ಚು ಕಡಿಮೆ ನಮ್ಮೂರಿನಷ್ಟೇ ಎತ್ತರದಲ್ಲಿ ನಿಂತಿದ್ದಾನೆ. ಆದರೆ ಮಧ್ಯದಲ್ಲಿ ನೆಲ ಕುಸಿಯುತ್ತದೆ. ಪಲಮನೇರು 680 ಮೀಟರ್ ಆಸುಪಾಸು, ಚಿತ್ತೂರು 330, ತಿರುಪತಿ ಊರು 160. ನಮ್ಮ ಬಯಲುಸೀಮೆಯ ಅಂಚಿನಿಂದ ಕೆಳಗಿಳಿಯುವ ದೊಡ್ಡ ಇಳಿಜಾರೇ ಮೊಗಿಲಿ ಘಾಟ್. ಹತ್ತುವಾಗ ಉಸಿರು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಉಸಿರಿಗೆ ಏನೂ ಆಗುವುದಿಲ್ಲ. ಹಾಗಾಗಿ ಜನ ಜೋರಾಗಿ ಇಳಿದುಬಿಡುತ್ತಾರೆ. ಪೆಟ್ಟು ಬೀಳುವುದು ತೊಡೆಗೆ, ಮಂಡಿಗೆ, ಹೆಬ್ಬೆರಳಿನ ಉಗುರಿಗೆ. ಅದು ಗೊತ್ತಾಗುವುದು ಮಾರನೇ ದಿನ.

ಕೋಲಾರದಿಂದ ತಿರುಪತಿಗೆ ಹಳೇ ಎನ್‌ಎಚ್-4 ಹಿಡಿದು ಚಿತ್ತೂರಿನ ಮೇಲೆ ಹೋದರೆ ಸುಮಾರು 180 ಕಿಲೋಮೀಟರ್. ಐದಾರು ದಿನ ಬೇಕು. ಮೊದಲ ದಿನ ಮುಳಬಾಗಿಲು, ಸುಮಾರು 30 ಕಿಲೋಮೀಟರ್. ಅಲ್ಲಿ ಆಂಜನೇಯನಿಗೆ ಕೈ ಮುಗಿಯದೆ ಮುಂದೆ ಹೋಗುವವರಿಲ್ಲ. ಅರ್ಜುನ ಪ್ರತಿಷ್ಠೆ ಮಾಡಿದ್ದು ಅಂತ ಪ್ರತೀತಿ. ಮೂಡಣ ಬಾಗಿಲು ಅನ್ನುವುದೇ ಮುಳಬಾಗಿಲು ಆಯಿತು. ಎರಡನೇ ದಿನ ನಂಗಲಿ ದಾಟಿ ಪಲಮನೇರು. ನಂಗಲಿ ಸಣ್ಣ ಊರು ಅಂತ ಸುಮ್ನೆ ದಾಟಿಬಿಡಬೇಡಿ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ನಂಗಲಿ ಗೆದ್ದವನು ಅನ್ನುವುದೂ ಒಂದು. ಅವನ ರಾಜ್ಯದ ಮೂಡಣ ಗಡಿ ಅದೇ ಆಗಿತ್ತು. ಇವತ್ತಿಗೂ ಕರ್ನಾಟಕ ಮುಗಿಯುವುದು ಅಲ್ಲೇ. ಮೂರನೇ ದಿನ ಘಾಟ್.

ಒಂದು ತಿಂಗಳ ಮೊದಲೇ ಮಾಡಬೇಕಾದ್ದು

ಘಾಟ್ ಇಳಿಯುವ ತಯಾರಿಗೆ ನಮ್ಮ ಅಂತರಗಂಗೆ ಬೆಟ್ಟ ಸಾಕು. ಹೊರಡುವ ಮೊದಲಿನ ನಾಲ್ಕು ಭಾನುವಾರ ಅಂತರಗಂಗೆ ಮೆಟ್ಟಿಲು ಹತ್ತಿ ಇಳಿಯಿರಿ. ಮೊದಲ ವಾರ ಒಂದು ಸಲ, ಆಮೇಲೆ ಎರಡು, ಮೂರು ಸಲ. ಗಮನ ಇಳಿಯುವುದರ ಮೇಲಿರಲಿ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಅಭ್ಯಾಸ ಇಲ್ಲದಿದ್ದರೆ ಅದರ ಎಳೆಗಳಿಗೆ ಸಣ್ಣಸಣ್ಣ ಗಾಯ ಆಗುತ್ತದೆ. ಒಂದು ಸಲ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸವನ್ನು ಕಡಿಮೆ ನೋವಿನಲ್ಲಿ ಮಾಡುತ್ತದೆ. ಅದಕ್ಕೇ ಈ ಅಭ್ಯಾಸ. ಚಿಕ್ಕಬಳ್ಳಾಪುರದವರು ನಂದಿ ಬೆಟ್ಟದ ಮೆಟ್ಟಿಲು ದಾರಿ ಹಿಡಿಯಿರಿ. ತುಮಕೂರಿನವರಿಗೆ ದೇವರಾಯನದುರ್ಗ ಇದ್ದೇ ಇದೆ.

ಶೂ ಹೊಸದು ಕೊಳ್ಳುವುದಾದರೆ ಎರಡು ತಿಂಗಳ ಮೊದಲು ಕೊಳ್ಳಿ, ಸಂಜೆ ಹೊತ್ತು ಹೋಗಿ ಕೊಳ್ಳಿ. ಬೆಳಗ್ಗೆಗಿಂತ ಸಂಜೆ ಕಾಲು ಸ್ವಲ್ಪ ಊದಿರುತ್ತದೆ. ನಡೆಯುವಾಗಲೂ ಹಾಗೇ ಊದುತ್ತದೆ. ಹಾಕಿಕೊಂಡು ನಿಂತಾಗ ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ನಾನು ಮೊದಲ ವರ್ಷ ಹಬ್ಬಕ್ಕೆ ತಂದ ಹೊಸ ಶೂ ಹಾಕಿಕೊಂಡು ಹೊರಟೆ. ಘಾಟ್ ಇಳಿದಾಗ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ತಿಂಗಳೊಳಗೆ ಉದುರಿಹೋಯಿತು, ಹೊಸದು ಪೂರ್ತಿ ಬರಲು ವರ್ಷವೇ ಹಿಡಿಯಿತು.

ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ಶೂ ಹಾಕಿ ಅಂತ ಹೇಳಲಾರೆ. ನಮ್ಮ ದೊಡ್ಡಮ್ಮ ಅರವತ್ತು ದಾಟಿದ ಮೇಲೂ ಬರಿಗಾಲಲ್ಲೇ ನಡೆದವರು. ಆದರೆ ಅವರು ಹೊಲದಲ್ಲಿ ಹುಟ್ಟಿ ಬೆಳೆದವರು, ಅವರ ಹಿಮ್ಮಡಿ ನಮ್ಮದಲ್ಲ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರು ಬರಿಗಾಲ ಹರಕೆ ಹೊತ್ತರೆ ಎರಡು ತಿಂಗಳು ದಿನಾ ಬೆಳಗ್ಗೆ ಮಣ್ಣಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಅಂಗಾಲು ಗಟ್ಟಿ ಮಾಡಿಕೊಳ್ಳಿ. ಬಿಸಿಲೇರಿದ ಮೇಲೆ ಟಾರಿನ ಮೇಲೆ ನಡೆಯಲೇಬೇಡಿ. ದಪ್ಪ ಕಾಲುಚೀಲಕ್ಕೆ ಹರಕೆ ಅಡ್ಡ ಬರುವುದಿಲ್ಲ ಅಂತ ದೊಡ್ಡಮ್ಮನೇ ಹೇಳುತ್ತಿದ್ದರು.

ಹಿಂದಿನ ರಾತ್ರಿ, ಪಲಮನೇರಿನಲ್ಲಿ

ಇಲ್ಲಿ ನಾಲ್ಕು ಕೆಲಸ ಮುಗಿಸಿ ಮಲಗಿ. ಒಂದು, ಕಾಲಿನ ಉಗುರನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿ. ಮೂಲೆ ಕೊರೆಯಬೇಡಿ. ಎರಡು, ಬೆನ್ನ ಮೇಲಿನ ಚೀಲ ಬಿಚ್ಚಿ ನೋಡಿ. ಬಟ್ಟೆ, ಹೊದಿಕೆ ಎಲ್ಲ ಗುಂಪಿನ ಸಾಮಾನು ಹೊತ್ತು ಬರುವ ಟೆಂಪೋಗೆ ಹಾಕಿ. ಹೆಗಲ ಮೇಲೆ ಮೂರು ಕೆಜಿಗಿಂತ ಜಾಸ್ತಿ ಬೇಡ. ನೀರು, ಒಂದು ಜೊತೆ ಒಣ ಕಾಲುಚೀಲ, ಅಂಟುಪಟ್ಟಿ, ಓಆರ್‌ಎಸ್, ಟಾರ್ಚು, ಆಧಾರ್ ಕಾರ್ಡು, ಮುಡುಪು ಇಷ್ಟು ಸಾಕು. ಮುಡುಪನ್ನು ಮಾತ್ರ ಟೆಂಪೋಗೆ ಕೊಡಬೇಡಿ. ದೊಡ್ಡಮ್ಮ ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯಲ್ಲಿ ನಾಣ್ಯ ಇಟ್ಟು ಮೂರು ಗಂಟು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೆವರಿಗೆ ಅರಿಶಿನ ಬಿಟ್ಟು ಸೀರೆಯೆಲ್ಲ ಹಳದಿಯಾದ ಮೇಲೆ ಕಲಿತ ಪಾಠ ಆ ಕವರು.

ಮೂರನೇ ಕೆಲಸ ಆನೆ ವಿಚಾರ. ಪಲಮನೇರಿನ ಸುತ್ತ ಇರುವುದು ಕೌಂಡಿನ್ಯ ಅಭಯಾರಣ್ಯ, 1990ರಲ್ಲಿ ಘೋಷಣೆಯಾದದ್ದು. ಅಲ್ಲಿ ಆನೆಗಳಿವೆ, ಹೆದ್ದಾರಿಗೂ ಬರುತ್ತವೆ. 2023ರ ಜೂನ್‌ನಲ್ಲಿ ಪಲಮನೇರಿನ ಹತ್ತಿರ ಇದೇ ರಸ್ತೆ ದಾಟುತ್ತಿದ್ದ ಮೂರು ಆನೆಗಳು ವಾಹನ ಡಿಕ್ಕಿ ಹೊಡೆದು ಸತ್ತವು. ಹಾಗಾಗಿ ರಾತ್ರಿ ಟೀ ಅಂಗಡಿಯಲ್ಲಿ, ಅರಣ್ಯ ಇಲಾಖೆಯವರು ಸಿಕ್ಕರೆ ಅವರಲ್ಲಿ, ಕೇಳಿ ತಿಳಿದುಕೊಳ್ಳಿ. "ಏನುಗುಲು ತಿರುಗುತುನ್ನಾಯಾ ಅಣ್ಣಾ?" ಅಂದರೆ ಸಾಕು. ಕೋಲಾರದವರಿಗೆ ತೆಲುಗು ಹೇಳಿಕೊಡಬೇಕಾಗಿಲ್ಲ, ತುಮಕೂರಿನವರು ಈ ಮಾತು ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ನಿದ್ದೆ. ಬಾಕಿ ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಡುತ್ತೇವಲ್ಲ, ಅವತ್ತು ಹಾಗೆ ಮಾಡಬೇಡಿ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಮೇಲೆ. ಪಲಮನೇರಿನ ಕಡೆ ಮಂಜು ಬೇರೆ. ಕತ್ತಲು, ಮಂಜು, ಲಾರಿ, ಆನೆ ನಾಲ್ಕೂ ಒಟ್ಟಿಗೆ ಸೇರುವ ಹೊತ್ತಿನಲ್ಲಿ ಭಕ್ತಿ ಇದೆ ಅಂತ ರಸ್ತೆಗೆ ಇಳಿಯುವುದು ತಪ್ಪು. ಪೂರ್ತಿ ಬೆಳಕಾದ ಮೇಲೇ ಹೊರಡಿ. ಗುಂಪಿನಲ್ಲಿ ಅವಸರ ಮಾಡುವವರು ಇದ್ದೇ ಇರುತ್ತಾರೆ. ಅವರಿಗೆ ಹಿಂದಿನ ರಾತ್ರಿಯೇ ಹಿರಿಯರ ಕೈಲಿ ಹೇಳಿಸಿ.

ಬೆಳಗ್ಗೆ

ತಿಂಡಿ ತಿನ್ನದೆ ಹೊರಡಬೇಡಿ. ನಮ್ಮ ಗುಂಪಿನಲ್ಲಿ ಅವತ್ತಿನ ತಿಂಡಿ ರಾಗಿ ಹುರಿಹಿಟ್ಟು. ನಮ್ಮ ಕಡೆ ಹುರಿಟ್ಟು ಅಂತಾರೆ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟು, ಕಾದ ಬಾಣಲೆಗೆ ಹಿಡಿಹಿಡಿ ಹಾಕಿ ಹುರಿದರೆ ಬೆಳ್ಳಗೆ ಅರಳುತ್ತದೆ. ಅದನ್ನು ಬೀಸಿ, ಜರಡಿ ಹಿಡಿದು ಡಬ್ಬಿಗೆ ತುಂಬಿಕೊಂಡರೆ ವಾರ ಕಳೆದರೂ ಕೆಡುವುದಿಲ್ಲ. ನಾಲ್ಕು ಚಮಚ ಹಿಟ್ಟಿಗೆ ಬೆಲ್ಲದ ಪುಡಿ, ಕಾಯಿತುರಿ, ಒಂದು ಚಮಚ ತುಪ್ಪ, ಸ್ವಲ್ಪ ಹಾಲು ಹಾಕಿ ಕಲಸಿ. ಒಲೆ ಹಚ್ಚುವ ಕೆಲಸ ಇಲ್ಲ. ಹೊಟ್ಟೆ ಭಾರ ಆಗುವುದಿಲ್ಲ, ಹತ್ತು ಗಂಟೆಯವರೆಗೆ ಹಸಿವೂ ಆಗುವುದಿಲ್ಲ. ದಾರಿಯಲ್ಲಿ ಪೂರಿ, ಬೋಂಡಾ ಕಾಣಿಸುತ್ತದೆ. ಎಣ್ಣೆ ತಿಂಡಿ ಸಂಜೆಗೆ ಇಟ್ಟುಕೊಳ್ಳಿ.

ಕಾಲಿಗೆ ಪಟ್ಟಿ ಹಾಕುವುದು ಈಗಲೇ. ಬೊಬ್ಬೆ ಬಂದ ಮೇಲೆ ಹಾಕುವುದಲ್ಲ. ಕಾಲು ಚೆನ್ನಾಗಿ ಒರೆಸಿ. ಹಿಂದಿನ ಎರಡು ದಿನದಲ್ಲಿ ಎಲ್ಲಿ ಕೆಂಪಾಗಿದೆಯೋ ಅಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಗದದಂಥ ಅಂಟುಪಟ್ಟಿಯನ್ನು ಸುಕ್ಕಿಲ್ಲದೆ ಅಂಟಿಸಿ. ಒಂದು ಸುಕ್ಕು ಉಳಿದರೂ ಅದೇ ಹೊಸ ಬೊಬ್ಬೆ ತರುತ್ತದೆ. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಕಾಲುಚೀಲಕ್ಕೆ ಸಿಕ್ಕಿ ಏಳುವುದಿಲ್ಲ. ಮೇಲೆ ತೆಳ್ಳಗಿನದೊಂದು, ದಪ್ಪದೊಂದು ಎರಡು ಕಾಲುಚೀಲ. ಉಜ್ಜಾಟ ಏನಿದ್ದರೂ ಎರಡು ಬಟ್ಟೆಗಳ ನಡುವೆ ಆಗಿ ಚರ್ಮ ಉಳಿಯುತ್ತದೆ.

ಹೊರಟ ಮೇಲೆ ಘಾಟ್ ಶುರುವಾಗುವವರೆಗೂ ಏರಿಳಿತದ ದಾರಿ. ಗಂಟೆಗೆ ನಾಲ್ಕು ಕಿಲೋಮೀಟರ್ ಸಾಕು. ಅವತ್ತಿನ ದೂರ ಸುಮಾರು 25 ಕಿಲೋಮೀಟರ್ ಅಷ್ಟೇ. ಗಂಟೆಗೆ ಅರ್ಧ ಲೀಟರಿನಂತೆ ಗುಟುಕು ಗುಟುಕಾಗಿ ನೀರು ಕುಡಿಯಿರಿ. ದಾರಿ ಬದಿ ಕಾಡು ಬಂದ ಕಡೆ ಮೈಕು ಹಾಕಬೇಡಿ, ಪಟಾಕಿ ಹೊಡೆಯಬೇಡಿ. ಆನೆ ಕಂಡರೆ ದೂರದಲ್ಲೇ ನಿಂತು, ಎಲ್ಲರೂ ಗುಂಪಾಗಿ ಬಂದ ದಾರಿಗೇ ಹಿಂದೆ ಸರಿಯಿರಿ. ಫೋಟೋ ತೆಗೆಯಲು ಒಬ್ಬರೂ ಮುಂದೆ ಹೋಗಕೂಡದು.

ಘಾಟ್

ಇಳಿಜಾರು ಶುರುವಾಗುವ ಮೊದಲು ಇಡೀ ಗುಂಪು ನಿಲ್ಲಬೇಕು. ಹತ್ತು ನಿಮಿಷ. ಕೂತು ಶೂ ದಾರ ಬಿಚ್ಚಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದ ಶೂವಿನ ಹಿಂಬದಿಗೆ ಒತ್ತಿ ಕೂರುವಂತೆ ಮಾಡಿ. ಬೆರಳ ಮೇಲೆ ದಾರ ಸಡಿಲ ಇರಲಿ, ಕಣಕಾಲಿನ ಹತ್ತಿರ ಬಿಗಿ ಇರಲಿ. ಎದ್ದು ನಿಂತು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿ. ಬೆರಳು ಮುಂದೆ ಹೋಗಿ ತಾಗಿದರೆ ಮತ್ತೆ ಕಟ್ಟಿ. ನನ್ನ ಉಗುರು ಹೋದ ವರ್ಷ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಆರು ಸಲ ಇಳಿದಿದ್ದೇನೆ, ಒಂದು ಉಗುರೂ ಕಪ್ಪಾಗಿಲ್ಲ.

ಈಗ ಯಾವ ಬದಿಯಲ್ಲಿ ನಡೆಯುವುದು ಅನ್ನುವ ವಿಚಾರ. ತುಂಬ ಗುಂಪುಗಳು ಎಡಗಡೆ, ಲಾರಿಗಳು ಇಳಿಯುವ ಕಡೆಯೇ ನಡೆಯುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಬಲಗಡೆ, ಎದುರಿನಿಂದ ವಾಹನ ಬರುವ ಬದಿಯ ಅಂಚಿನಲ್ಲಿ ನಡೆಯಿರಿ. ಎದುರು ಬರುವ ಗಾಡಿ ನಿಮಗೆ ಕಾಣುತ್ತದೆ ಅನ್ನುವುದು ಒಂದು ಕಾರಣ. ಘಾಟಿನಲ್ಲಿ ಇನ್ನೊಂದು ಕಾರಣವೂ ಇದೆ. ಆ ಬದಿಯಲ್ಲಿ ಬರುವುದು ಹತ್ತುವ ಲಾರಿ. ಲೋಡ್ ಹೊತ್ತು ಸಣ್ಣ ಗೇರಿನಲ್ಲಿ ಮೆಲ್ಲಗೆ ಬರುತ್ತದೆ, ಡ್ರೈವರ್ ನಿಮ್ಮನ್ನು ನೋಡುತ್ತಾನೆ. ಇಳಿಯುವ ಲಾರಿ ಹಾಗಲ್ಲ. ಬ್ರೇಕ್ ತುಳಿದು ತುಳಿದು ಕಾದಿರುತ್ತದೆ. ಸುಟ್ಟ ರಬ್ಬರಿನಂಥ ವಾಸನೆ ಮೂಗಿಗೆ ಹೊಡೆಯುತ್ತದಲ್ಲ, ಅದು ಕಾದ ಬ್ರೇಕಿನದು. ಅಂಥ ಲಾರಿಗೆ ಬೆನ್ನು ಕೊಟ್ಟು ನಡೆಯಬಾರದು. 2024ರ ಸೆಪ್ಟೆಂಬರ್‌ನಲ್ಲಿ ಇದೇ ಘಾಟಿನಲ್ಲಿ ಬಸ್ಸು, ಲಾರಿಗಳು ಡಿಕ್ಕಿಯಾಗಿ ಹಲವರ ಜೀವ ಹೋಯಿತು. ಇದು ನೆನಪಿದ್ದರೆ ಯಾರೂ ರಸ್ತೆ ಮಧ್ಯಕ್ಕೆ ಹೋಗುವುದಿಲ್ಲ.

ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಜೊತೆ ಜೊತೆಯಾಗಿ ಮಾತಾಡಿಕೊಂಡು ನಡೆಯುವ ಜಾಗ ಇದಲ್ಲ. ಮೊದಲನೆಯವರು, ಕೊನೆಯವರು ಇಬ್ಬರೂ ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಹಾಕಿರಲಿ. ತಿರುವಿನಲ್ಲಿ ಎದುರು ಕಾಣದಿದ್ದರೆ ಗುಂಪು ನಿಲ್ಲಲಿ, ಮುಂದಿನವರು ಕೆಂಪು ಬಟ್ಟೆ ಹಿಡಿದು ತಿರುವು ದಾಟಿ ನಿಂತು ಕೈ ಬೀಸಿದ ಮೇಲೆ ಉಳಿದವರು ಹೋಗಲಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. "ಏಡುಕೊಂಡಲವಾಡಾ, ವೆಂಕಟರಮಣಾ" ಅಂತ ಒಬ್ಬರು ಅಂದರೆ "ಗೋವಿಂದಾ ಗೋವಿಂದ" ಅಂತ ಸಾಲಿನ ಕೊನೆಯವರೆಗೂ ಕೇಳಬೇಕು. ಸಾಲು ಎಲ್ಲಿ ಹರಿಯಿತು ಅನ್ನುವುದು ಆ ದನಿಯಲ್ಲೇ ಗೊತ್ತಾಗುತ್ತದೆ.

ಹೆಜ್ಜೆ ಹೇಗಿರಬೇಕು? ಮಾಮೂಲಿ ಹೆಜ್ಜೆಯ ಅರ್ಧ. ಮಂಡಿ ಸ್ವಲ್ಪ ಮಡಿಸಿರಬೇಕು. ಕಾಲು ನೇರ ಚಾಚಿ ಹಿಮ್ಮಡಿ ಕುಟ್ಟಿದರೆ ಪೆಟ್ಟೆಲ್ಲ ಮಂಡಿಯ ಚಿಪ್ಪಿಗೆ. ಪಾದ ಪೂರ್ತಿ ನೆಲಕ್ಕೆ ಊರಲಿ. ಮೈ ಹಿಂದಕ್ಕೆ ವಾಲಿಸಬೇಡಿ, ಸೊಂಟ ನೋಯುತ್ತದೆ. ಕೋಲು ಇದ್ದರೆ ಒಂದು ಹೆಜ್ಜೆ ಮುಂದೆ ಊರಿ, ಭಾರ ಅದರ ಮೇಲೆ ಬಿಟ್ಟು ಆಮೇಲೆ ಕಾಲಿಡಿ. ನೆತ್ತಿಯ ಮೇಲೆ ತುಂಬಿದ ಕೊಡ ಇದೆ ಅಂದುಕೊಂಡು ಇಳಿಯಿರಿ ಅಂತ ದೊಡ್ಡಮ್ಮ ಹೇಳುತ್ತಿದ್ದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಹುಡುಗರು ಓಡುತ್ತಾರೆ, ಓಡಲು ಬಿಡಬೇಡಿ. ಅಡ್ಡದಾರಿ ಹುಡುಕಿಕೊಂಡು ಕಾಡೊಳಗೆ ನುಗ್ಗುವುದೂ ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ರಸ್ತೆಯಿಂದ ದೂರ ಸರಿದು ಮೂರು ನಿಮಿಷ ನಿಂತು, ತೊಡೆ ಉಜ್ಜಿಕೊಂಡು, ನೀರು ಕುಡಿದು ಮುಂದೆ ಹೋಗಿ.

ಅಂಗಾಲಿನಲ್ಲಿ ಎಲ್ಲಾದರೂ ಬಿಸಿ ಅನಿಸಿದರೆ ಆ ಕ್ಷಣವೇ ನಿಲ್ಲಿ. ಇನ್ನು ಸ್ವಲ್ಪ ದೂರ ಅಲ್ವಾ ಅಂತ ನಡೆದರೆ ಬೊಬ್ಬೆ ಖಾತ್ರಿ. ಸಣ್ಣ ಬೊಬ್ಬೆಯನ್ನು ಒಡೆಯಬೇಡಿ, ಮೇಲೆ ಪಟ್ಟಿ ಹಾಕಿ. ದೊಡ್ಡದಾಗಿ ನಡೆಯಲು ಆಗದಂತಿದ್ದರೆ ಮಾತ್ರ, ಕೈ ತೊಳೆದು, ಔಷಧಿಯಿಂದ ಜಾಗ ಒರೆಸಿ, ಹೊಸ ಇಂಜೆಕ್ಷನ್ ಸೂಜಿಯಿಂದ ಬುಡದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಹೊರಗೆ ಬಿಡಿ. ಮೇಲಿನ ಚರ್ಮ ಕಿತ್ತುಹಾಕಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ಹೊದಿಕೆ. ಸೂಜಿ ದಾರ ಪೋಣಿಸಿ ದಾರವನ್ನು ಹಾಗೇ ಬಿಡುವ ಪದ್ಧತಿ ನಮ್ಮಲ್ಲಿದೆ. ಅದು ಬೇಡ, ದಾರ ಹಿಡಿದು ಕೊಳೆ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ತಾವೇ ಚುಚ್ಚಿಕೊಳ್ಳಲೇಬಾರದು, ಡಾಕ್ಟರಿಗೆ ತೋರಿಸಿ.

ಯಾರಿಗಾದರೂ ಎದೆ ನೋವು, ತಲೆ ಸುತ್ತು, ಮಾತು ತೊದಲುವುದು ಕಂಡರೆ 108ಕ್ಕೆ ಫೋನ್ ಮಾಡಿ. ಹೆದ್ದಾರಿ ಸಹಾಯವಾಣಿ 1033. ಎರಡೂ ನಂಬರ್ ಎಲ್ಲರ ಫೋನಿನಲ್ಲೂ ಇರಲಿ.

ಘಾಟ್ ಇಳಿದ ಮೇಲೆ

ಕೆಳಗೆ ಬಂದ ಕೂಡಲೇ ಗಾಳಿ ಬದಲಾಗುತ್ತದೆ. ಮೇಲಿನ ಚಳಿ ಇಲ್ಲಿಲ್ಲ. ಸ್ವೆಟರ್ ಬಿಚ್ಚಿ ಟೆಂಪೋಗೆ ಕೊಡಿ. ಮೊಗಿಲಿಯಲ್ಲಿ ಮೊಗಿಲೀಶ್ವರನ ಗುಡಿ ಇದೆ. ತೆಲುಗಿನಲ್ಲಿ ಮೊಗಲಿ ಅಂದರೆ ಕೇದಗೆ. ವೆಂಕಟರಮಣನ ಹತ್ತಿರ ಹೋಗುವ ದಾರಿಯಲ್ಲಿ ಶಿವನಿಗೂ ಒಂದು ನಮಸ್ಕಾರ ಹಾಕಿ. ಮಧ್ಯಾಹ್ನ ಗುಡಿ ಬಾಗಿಲು ಹಾಕಿದ್ದರೆ ಹೊರಗಿಂದಲೇ ಕೈ ಮುಗಿಯಿರಿ.

ಊಟಕ್ಕೆ ಮೊಸರನ್ನ, ಉಪ್ಪಿನಕಾಯಿ ಸಾಕು. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಓಆರ್‌ಎಸ್ ಕುಡಿಯುವುದಾದರೆ ಒಂದು ಲೀಟರಿನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು ಹಾಕಿ, ಗಟ್ಟಿಯಾಗಿ ಕಲಸಿ ಕುಡಿಯಬೇಡಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಕೆಟ್ಟಿರುವುದರ ಗುರುತು, ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆಯನ್ನು ಚಾಕಲೇಟಿನಂತೆ ಹಂಚುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನೀರು ಕಡಿಮೆಯಾದ ಮೈಗೆ ಆ ಮಾತ್ರೆ ಬಿದ್ದರೆ ಪೆಟ್ಟು ಮೂತ್ರಪಿಂಡಕ್ಕೆ.

ಊಟ ಆದ ಮೇಲೆ ನೆರಳಿನಲ್ಲಿ ಶೂ, ಕಾಲುಚೀಲ ಬಿಚ್ಚಿ, ಕಾಲನ್ನು ಚೀಲದ ಮೇಲೆ ಎತ್ತಿಟ್ಟು ಎರಡು ಗಂಟೆ ಮಲಗಿ. ಮೂರಕ್ಕೆ ಎದ್ದು, ಒಣ ಕಾಲುಚೀಲ ಹಾಕಿ ಹೊರಡಿ. ಇನ್ನು ಉಳಿದದ್ದು ಮಾವಿನ ತೋಪುಗಳ ದಾರಿ. ಶ್ರೀನಿವಾಸಪುರದವರಿಗೆ ಊರಿಗೇ ಬಂದಂತೆ ಅನಿಸುತ್ತದೆ. ಕತ್ತಲಾಗುವ ಮೊದಲು ಬಂಗಾರುಪಾಳ್ಯಂ ಸೇರಿಬಿಡಿ.

ರಾತ್ರಿ

ಕಾಲನ್ನು ತಣ್ಣೀರಿನಲ್ಲಿ ತೊಳೆದು, ಬೆರಳ ಸಂದಿಯವರೆಗೂ ಒರೆಸಿ. ಬಿಸಿನೀರಿನಲ್ಲಿ ತುಂಬ ಹೊತ್ತು ನೆನೆಸಿದರೆ ಹಿತ ಅನಿಸುತ್ತದೆ, ಆದರೆ ಚರ್ಮ ಮೆತ್ತಗಾಗಿ ನಾಳೆ ಬೇಗ ಬೊಬ್ಬೆ ಏಳುತ್ತದೆ. ಗೋಡೆಗೆ ಕಾಲು ಆನಿಸಿ ಹದಿನೈದು ನಿಮಿಷ ಮಲಗಿ. ಹರಳೆಣ್ಣೆ ಬೆಚ್ಚಗೆ ಮಾಡಿ ತೊಡೆ, ಮೀನಖಂಡಕ್ಕೆ ಮೆಲ್ಲಗೆ ಸವರಿ, ಗಟ್ಟಿಯಾಗಿ ತುಳಿಸಿಕೊಳ್ಳಬೇಡಿ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು ಮಾಡಿಸಿ. ಕಾಳು ಬಿಟ್ಟರೆ ಸ್ನಾಯುವಿಗೆ ಬೇರೆ ಮದ್ದಿಲ್ಲ ಅನ್ನುವುದು ನಮ್ಮ ಅಡುಗೆಯವರ ಮಾತು, ಆ ಕಾಲದಲ್ಲಿ ಅವರೆ ಸೊಗಡೂ ಹಾಗೇ ಇರುತ್ತದೆ.

ಮಾರನೇ ದಿನ ತೊಡೆ ಹಿಡಿದುಕೊಂಡಿರುತ್ತದೆ. ಎರಡನೇ ದಿನ ಇನ್ನೂ ಜಾಸ್ತಿ, ಆಮೇಲೆ ಬಿಡುತ್ತದೆ. ಅದಕ್ಕೇ ಘಾಟ್ ಆದ ಮಾರನೇ ದಿನ ಚಿತ್ತೂರಿಗೆ ಮಾತ್ರ ಹೋಗಿ. ಹದಿನೆಂಟು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಶಕ್ತಿ ಇದ್ದರೆ ಸಂಜೆ ಬಸ್ಸಿನಲ್ಲಿ ಕಾಣಿಪಾಕಂ ವಿನಾಯಕನನ್ನು ನೋಡಿಕೊಂಡು ಬನ್ನಿ. ಮುಂದೆ ಚಂದ್ರಗಿರಿ ಕಡೆಯಿಂದ ಹೋಗುವವರಿಗೆ ಶ್ರೀನಿವಾಸ ಮಂಗಾಪುರದ ಹತ್ತಿರ ತಿರುಮಲಕ್ಕೆ ಹತ್ತುವ ಶ್ರೀವಾರಿ ಮೆಟ್ಟು ದಾರಿ ಸಿಗುತ್ತದೆ. ಅಲ್ಲಿ 2,388 ಮೆಟ್ಟಿಲು. ತಿರುಪತಿ ಊರಿನ ಕಡೆಯಿಂದ ಹತ್ತುವ ಅಲಿಪಿರಿಯಲ್ಲಿ 3,550. ಅಲಿಪಿರಿ ದಾರಿಯಲ್ಲಿ 2023ರಲ್ಲಿ ಚಿರತೆ ಒಂದು ಮಗುವನ್ನು ಕೊಂದ ಮೇಲೆ ಮಕ್ಕಳನ್ನು ಬಿಡುವ ಸಮಯದ ಬಗ್ಗೆ ನಿಯಮ ಬಿಗಿ ಮಾಡಿದರು. ಚಿಕ್ಕವರು ಜೊತೆಗಿದ್ದರೆ ಚಿತ್ತೂರಿನಲ್ಲೇ ಈಗಿನ ಸಮಯ ವಿಚಾರಿಸಿಕೊಳ್ಳಿ.

ಮಲಗುವ ಮೊದಲು ತಲೆ ಎಣಿಸಿ. ಮನೆಗೆ ಫೋನ್ ಮಾಡಿ, ಘಾಟ್ ಇಳಿದೆವು ಅಂತ ಹೇಳಿ. ಅವರು ಕಾಯುತ್ತಿರುವುದು ಆ ಮಾತಿಗೇ. ಶೂ ಹೊರಗೆ ಬಿಡುವುದಾದರೆ ಬೋರಲು ಹಾಕಿ ಇಡಿ. ಬೆಳಗ್ಗೆ ಕಾಲಿಡುವ ಮೊದಲು ಎರಡನ್ನೂ ನೆಲಕ್ಕೆ ಬಡಿದು ನೋಡಿ. ಆ ಕಡೆ ಚೇಳು ಇವೆ.